ಮನೆಮಂದಿಯ ಫೋನಿನಲ್ಲಿ ಹುಡುಗಿಯರ ಓದಿನ ಬಳಗ: ಬರೆಯುವವರಿಗೊಂದು ಮಾರ್ಗದರ್ಶಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹದಿಹರೆಯದ ಹುಡುಗಿಯರಿಗಾಗಿ ಆನ್‌ಲೈನ್ ಓದಿನ ಬಳಗ ಕಟ್ಟಲು ಹೊರಟ ಲೇಖಕರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಯಾವ ಆ್ಯಪ್ ಬಳಸಬೇಕು ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಫೋನು ಯಾರದು? ನಮ್ಮ ಭಾಗದ ಹಳ್ಳಿಮನೆಗಳಲ್ಲಿ ಫೋನು ಹೆಚ್ಚಾಗಿ ಅಪ್ಪನದು, ಇಲ್ಲವೇ ಅಣ್ಣನದು. ಅವರು ಕೆಲಸದಿಂದ ಬಂದು, ಉಂಡು, ನಾಲ್ಕು ವಿಡಿಯೊ ನೋಡಿ ಬದಿಗಿಟ್ಟ ಮೇಲೆ ಅದು ಹುಡುಗಿಯ ಕೈಗೆ ಬರುತ್ತದೆ, ಅದೂ ಅರ್ಧ ತಾಸಿಗೆ. ಪಕ್ಕದಲ್ಲಿ ತಮ್ಮ ಇಣುಕುತ್ತಿರುತ್ತಾನೆ. ಒಳಗಿಂದ ಅವ್ವ "ಏನ್ ನೋಡಾಕತ್ತಿ?" ಎಂದು ಕೇಳುತ್ತಾಳೆ. ಏನು ಓದಿಸಬೇಕು, ಯಾವಾಗ ಕಳಿಸಬೇಕು, ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಕೇಳಬಾರದು ಎಂಬುದೆಲ್ಲ ಈ ಅರ್ಧ ತಾಸಿನಿಂದಲೇ ತೀರ್ಮಾನವಾಗಬೇಕು.

ನಗರದ ಮಾದರಿಯ ಬಳಗ ಇಲ್ಲಿ ಸೋಲುವುದು ಇದೇ ಕಾರಣಕ್ಕೆ. ಅದು ಹುಡುಗಿಗೆ ಸ್ವಂತ ಫೋನು, ಸ್ವಂತ ಕೋಣೆ, ಸ್ವಂತ ಹೊತ್ತು ಇದೆಯೆಂದು ಎಣಿಸಿ ಕಟ್ಟಿದ್ದು. ನೀವು ಕಟ್ಟಲಿರುವುದು ಮನೆಯ ಪಡಸಾಲೆಯಂಥ ಜಾಗ. ಅಲ್ಲಿ ಯಾರು ಬೇಕಾದರೂ ಹಾದುಹೋಗುತ್ತಾರೆ, ಆದರೂ ಹುಡುಗಿಯರು ಕೂತು ಮಾತಾಡುತ್ತಾರೆ.

ಬರೆಯುವವರೇ ಓದುವವರನ್ನು ಒಗ್ಗೂಡಿಸುವುದು ಕನ್ನಡಕ್ಕೆ ಹೊಸದಲ್ಲ. ನಂಜನಗೂಡು ತಿರುಮಲಾಂಬ ಕಾದಂಬರಿ ಬರೆದು ಸುಮ್ಮನಾಗಲಿಲ್ಲ, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಶುರುಮಾಡಿದರು. ಹೆಣ್ಣುಮಕ್ಕಳು ಓದುವುದನ್ನೇ ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಅವರ ಪತ್ರಿಕೆಗಳು ಮನೆಯ ಗಂಡಸರ ಕೈ ದಾಟಿಯೇ ಒಳಮನೆಗೆ ಹೋಗಬೇಕಿತ್ತು. ಫೋನಿನದೂ ಇವತ್ತು ಅದೇ ದಾರಿ.

ಮೊದಲ ಹೆಜ್ಜೆ: ಊರು ಹಿಡಿಯಿರಿ, ಆಮೇಲೆ ಆ್ಯಪ್

ಫೇಸ್‌ಬುಕ್ಕಿನಲ್ಲಿ ಪೋಸ್ಟರ್ ಹಾಕಿ ರಾಜ್ಯದ ಮೂಲೆಮೂಲೆಯಿಂದ ನೂರಾರು ಹುಡುಗಿಯರನ್ನು ಸೇರಿಸುವ ಆಸೆ ಬಿಡಿ. ಎರಡು ಮೂರು ಅಕ್ಕಪಕ್ಕದ ಊರುಗಳಿಂದ ಹನ್ನೆರಡು ಹದಿನೈದು ಹುಡುಗಿಯರು ಸಾಕು. ಅವರು ಒಂದೇ ಬಸ್ಸಿಗೆ ಹೈಸ್ಕೂಲಿಗೋ ಪಿಯು ಕಾಲೇಜಿಗೋ ಹೋಗುವವರಾದರೆ ಇನ್ನೂ ಒಳ್ಳೆಯದು. ರಾತ್ರಿ ಫೋನಿನಲ್ಲಿ ಓದಿದ್ದು ಬೆಳಿಗ್ಗೆ ಬಸ್ಸಿನಲ್ಲಿ ಮಾತಾಗುತ್ತದೆ. ಫೋನು ಸಿಗದವಳಿಗೂ ಕಥೆ ಅಲ್ಲೇ ಸಿಗುತ್ತದೆ. ಆನ್‌ಲೈನ್ ಬಳಗದ ಅರ್ಧ ಜೀವ ಆಫ್‌ಲೈನಿನಲ್ಲಿ ಇರಬೇಕು, ಇಲ್ಲದಿದ್ದರೆ ಒಂದು ರೀಚಾರ್ಜ್ ಮುಗಿದ ದಿನ ಅದೂ ಮುಗಿಯುತ್ತದೆ.

ಹುಡುಗಿಯರನ್ನು ಹುಡುಕಲು ಒಳ್ಳೆಯ ಬಾಗಿಲು ಗ್ರಾಮ ಪಂಚಾಯಿತಿಯ ಗ್ರಂಥಾಲಯ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಇವುಗಳನ್ನು ಅರಿವು ಕೇಂದ್ರ ಎನ್ನುತ್ತಾರೆ. ಅಲ್ಲಿನ ಮೇಲ್ವಿಚಾರಕರನ್ನು ಕಂಡು ಪುಸ್ತಕ ಒಯ್ಯುವ ಹುಡುಗಿಯರು ಯಾರು ಎಂದು ಕೇಳಿ. ಅವರಿಗೆ ಗೊತ್ತಿರುತ್ತದೆ. ಶಾಲೆಯ ಕನ್ನಡ ಟೀಚರಿಗೂ ಗೊತ್ತಿರುತ್ತದೆ, ಆದರೆ ಅವರು ಹೆಚ್ಚು ಅಂಕ ತೆಗೆಯುವವರನ್ನು ತೋರಿಸುತ್ತಾರೆ. ಕೊನೇ ಬೆಂಚಿನಲ್ಲಿ ಕೂತು ಪಾಠದ ಪುಸ್ತಕದೊಳಗೆ ಬೇರೆ ಪುಸ್ತಕ ಇಟ್ಟು ಓದುವವಳನ್ನೂ ಕೇಳಿ ಪಡೆಯಿರಿ. ಬಳಗ ನಡೆಸುವವಳು ಕಡೆಗೆ ಅವಳೇ ಆಗುವುದುಂಟು.

ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಹಾಸ್ಟೆಲ್ಲು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಹುಡುಗಿಯರ ಕೈಗೆ ಫೋನು ಕೊಡುವುದಿಲ್ಲ. ಆ ನಿಯಮದ ಜೊತೆ ಜಗಳಕ್ಕೆ ಹೋಗಬೇಡಿ. ಅಲ್ಲಿಯ ವಾರ್ಡನ್‌ರ ಫೋನನ್ನೇ ಬಳಗದ ಒಬ್ಬ ಸದಸ್ಯೆಯೆಂದು ಲೆಕ್ಕ ಹಿಡಿಯಿರಿ. ವಾರಕ್ಕೊಮ್ಮೆ ಊಟದ ನಂತರ ಸ್ಪೀಕರಿಗೆ ಹಚ್ಚಿ ಕಥೆ ಕೇಳಿಸಲು ಅವರು ಒಪ್ಪಿದರೆ ಒಂದೇ ಫೋನಿನಿಂದ ಐವತ್ತು ಹುಡುಗಿಯರು ಬಳಗಕ್ಕೆ ಬಂದಂತೆ.

ಎರಡನೇ ಹೆಜ್ಜೆ: ಪಾಲಕರ ಮುಂದೆ ಕೂತು ಮಾತಾಡಿ

ಇದನ್ನು ಫೋನಿನಲ್ಲಿ ಮುಗಿಸಬೇಡಿ. ಭಾನುವಾರ ಸಂಜೆಯೋ ಅಮಾವಾಸ್ಯೆಯ ದಿನವೋ, ಹೊಲದ ಕೆಲಸ ಇಲ್ಲದ ಹೊತ್ತು ನೋಡಿ ಹೋಗಿ. ಅವ್ವ ಅಪ್ಪ ಇಬ್ಬರೂ ಇರಲಿ. ಫೋನು ಅಣ್ಣನದಾದರೆ ಅಣ್ಣನೂ ಇರಲಿ.

ಹೇಳಬೇಕಾದದ್ದು ಕಡಿಮೆ, ಆದರೆ ಖಚಿತವಾಗಿರಬೇಕು. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಏನು ಬರುತ್ತದೆ. ನಡೆಸುವವರು ಯಾರು, ಅವರ ಮನೆ ಎಲ್ಲಿ. ಹಣ ಇಲ್ಲ. ಹುಡುಗಿಯ ಫೋಟೊ ಎಲ್ಲೂ ಬರುವುದಿಲ್ಲ. ಗುಂಪಿನಲ್ಲಿ ಹುಡುಗರು ಇಲ್ಲ. ಯಾವಾಗ ಬೇಡ ಅನಿಸಿದರೂ ಬಿಡಬಹುದು. "ನಿಮ್ಮ ಮಗಳು ದೊಡ್ಡ ಲೇಖಕಿ ಆಗ್ತಾಳ್ರಿ" ಎಂಬಂಥ ಮಾತು ಆಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ಓದಿದ್ದರಿಂದ ಪರೀಕ್ಷೆಯಲ್ಲಿ ಅಂಕ ಹೆಚ್ಚುತ್ತದೆ ಎಂದೂ ಭರವಸೆ ಕೊಡಬೇಡಿ, ಮುಂದಿನ ಟೆಸ್ಟಿನಲ್ಲಿ ಅಂಕ ಇಳಿದರೆ ಮೊದಲು ನಿಲ್ಲುವುದೇ ಓದು.

ಈ ಮಾತುಗಳನ್ನೇ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ರಾಯಚೂರು ಬಳ್ಳಾರಿಯ ಗಡಿ ಊರುಗಳಲ್ಲಿ ತೆಲುಗಿನಲ್ಲಿ ಹೇಳಬೇಕಾದೀತು. ಉರ್ದು ಮನೆಮಾತಿನವರಿಗೆ ಉರ್ದುವಿನಲ್ಲಿ, ತಾಂಡಾಗಳಲ್ಲಿ ಲಂಬಾಣಿ ಬಲ್ಲವರ ಬಾಯಲ್ಲಿ ಹೇಳಿಸಿ. ಇದು ಬರೀ ಸೌಜನ್ಯದ ಮಾತಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿಯನ್ನು ಬಳಸಲು ಪಾಲಕರ ಖಾತ್ರಿಯ ಒಪ್ಪಿಗೆ ಬೇಕೆನ್ನುತ್ತದೆ. ವಾಟ್ಸ್ಆ್ಯಪ್ ಬಳಸುವವರಿಗೆ ಕನಿಷ್ಠ 13 ವರ್ಷ ಆಗಿರಬೇಕೆಂಬ ನಿಯಮವನ್ನು ಆ ಕಂಪನಿಯೇ ಇಟ್ಟಿದೆ. ಅದಕ್ಕಿಂತ ಚಿಕ್ಕವಳು ಅವ್ವನ ಜೊತೆ ಕೂತು ಕೇಳಲಿ.

ಗಂಡಸು ಲೇಖಕರಿಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಹುಡುಗಿಯರೊಡನೆ ನೇರ ಸಂದೇಶ ವ್ಯವಹಾರ ನಿಮ್ಮದಾಗುವುದು ಬೇಡ. ನಿಮ್ಮ ಕಥೆ ಬರಲಿ, ದನಿ ಬರಲಿ, ಎಲ್ಲರೆದುರು ಮಾತುಕತೆ ಆಗಲಿ. ದಿನನಿತ್ಯದ ನಿರ್ವಹಣೆ ಇಬ್ಬರು ಹೆಂಗಸರ ಕೈಯಲ್ಲಿರಲಿ. ನಿಮ್ಮ ಮೇಲೆ ಅನುಮಾನವಿದೆಯೆಂದು ಹೀಗೆ ಹೇಳುತ್ತಿಲ್ಲ. ಊರಲ್ಲಿ ಒಂದು ಮಾತು ಹುಟ್ಟಿದರೆ ನಿಮಗೆ ಆಗುವ ನಷ್ಟ ಕಡಿಮೆ. ಅವಳ ಶಾಲೆಯೇ ನಿಲ್ಲಬಹುದು.

ಮೂರನೇ ಹೆಜ್ಜೆ: ಅಂಕಿತ ಕೊಡಿ

ಹುಡುಗಿಯ ನಿಜ ಹೆಸರು, ಊರು, ಶಾಲೆ ಗುಂಪಿನಲ್ಲಿ ಬರಬಾರದು. ಅದಕ್ಕೆ ಅಡ್ಡಹೆಸರು ಇಟ್ಟುಕೊಳ್ಳಿ ಎಂದರೆ ಏನೋ ಮುಚ್ಚಿಡುತ್ತಿದ್ದೇವೆ ಎಂಬ ಅಳುಕು ಹುಟ್ಟುತ್ತದೆ. ಅಂಕಿತ ಆರಿಸಿಕೊಳ್ಳಿ ಎನ್ನಿ. ಈ ನೆಲದ ಹುಡುಗಿಯರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು ಅಂಕಿತದಲ್ಲೇ ಉಳಿದಿದ್ದಾರೆ. ಹರಪನಹಳ್ಳಿ ಭೀಮವ್ವ ‘ಭೀಮೇಶಕೃಷ್ಣ’ ಎಂದು ಹಾಡಿದರು. ಅಕ್ಕನ ‘ಚೆನ್ನಮಲ್ಲಿಕಾರ್ಜುನ’ವಂತೂ ಪಾಠದಲ್ಲೇ ಬಂದಿರುತ್ತದೆ.

ಹುಡುಗಿಯರು ಈ ಕೆಲಸವನ್ನು ಬಹಳ ಮನಸ್ಸಿಟ್ಟು ಮಾಡುತ್ತಾರೆ. ಹೊಲದ ಹೆಸರು, ಅಜ್ಜಿ ಕರೆಯುತ್ತಿದ್ದ ಹೆಸರು, ಹಿತ್ತಲ ಗಿಡದ ಹೆಸರು, ಯಾವುದಾದರೂ ಆದೀತು. ಜಾತಿ, ಊರು, ಮನೆತನ ಗೊತ್ತಾಗುವಂಥದ್ದು ಮಾತ್ರ ಬೇಡ. ಅಂಕಿತದಿಂದ ಮತ್ತೂ ಒಂದು ಲಾಭವಿದೆ. ಗೌಡರ ಮನೆಯ ಹುಡುಗಿಗೂ ಕೇರಿಯ ಹುಡುಗಿಗೂ ಗುಂಪಿನಲ್ಲಿ ಒಂದೇ ತೂಕ ಬರುತ್ತದೆ. ಯಾರ ಅಭಿಪ್ರಾಯ ಎಂದು ನೋಡಿ ತಲೆಯಾಡಿಸುವುದು ಕಡಿಮೆಯಾಗುತ್ತದೆ.

ನಾಲ್ಕನೇ ಹೆಜ್ಜೆ: ನಂಬರು ಕಾಣದಂತೆ ಗುಂಪು ಜೋಡಿಸಿ

ಸಾಮಾನ್ಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹದಿನೈದು ಮನೆಗಳ ಹದಿನೈದು ಫೋನಿನಲ್ಲಿ ಯಾರ್ಯಾರು ಇಣುಕುತ್ತಾರೋ ನಿಮಗೆ ಗೊತ್ತಿಲ್ಲ. ಆದ್ದರಿಂದ ಒಂದೇ ಓಣಿಯ ಮಕ್ಕಳಲ್ಲದಿದ್ದರೆ ವಾಟ್ಸ್ಆ್ಯಪ್‌ನಲ್ಲೇ ಇರುವ ‘ಕಮ್ಯುನಿಟಿ’ ಮಾಡಿ ಅದರ ಪ್ರಕಟಣಾ (ಅನೌನ್ಸ್‌ಮೆಂಟ್) ಗುಂಪನ್ನಷ್ಟೇ ಬಳಸಿ. ಅಲ್ಲಿ ಸದಸ್ಯರ ನಂಬರು ಅಡ್ಮಿನ್‌ಗಳಿಗೂ ಮೊದಲೇ ಅದನ್ನು ಸೇವ್ ಮಾಡಿಕೊಂಡವರಿಗೂ ಬಿಟ್ಟು ಬೇರೆಯವರಿಗೆ ಕಾಣುವುದಿಲ್ಲ. ವಾಟ್ಸ್ಆ್ಯಪ್ ಚಾನೆಲ್ಲಿನಲ್ಲೂ ನಂಬರು ಕಾಣದು, ಆದರೆ ಅದು ಒಮ್ಮುಖದ್ದು. ಮಾತುಕತೆ ಬೇಕಾದ ಬಳಗಕ್ಕೆ ಅದು ಒಗ್ಗದು.

ಬಳಗಕ್ಕೆಂದೇ ಹೊಸ ಸಿಮ್ ಒಂದು ತೆಗೆದುಕೊಳ್ಳಿ. ಲೇಖಕರ ಸ್ವಂತ ನಂಬರು ಬೇಡ. ‘ಲಿಂಕ್ಡ್ ಡಿವೈಸ್’ ಸೌಲಭ್ಯ ಬಳಸಿ ಆ ಒಂದೇ ಖಾತೆಯನ್ನು ಇಬ್ಬರು ನಿರ್ವಾಹಕಿಯರ ಫೋನಿನಲ್ಲಿಯೂ ತೆರೆಯಿರಿ. ಹುಡುಗಿಯರ ಉತ್ತರ, ದನಿ, ಬರಹ ಎಲ್ಲ ಈ ನಂಬರಿಗೆ ಬರಲಿ. ನಿರ್ವಾಹಕಿಯರು ಅವನ್ನು ಅಂಕಿತದ ಹೆಸರಿನಲ್ಲಿ ಪ್ರಕಟಣಾ ಗುಂಪಿಗೆ ಹಾಕಲಿ. ಹೀಗೆ ಮಾಡಿದರೆ ಯಾವ ಹುಡುಗಿಯ ಯಾವ ಸಂದೇಶವೂ ಒಬ್ಬರೇ ದೊಡ್ಡವರ ಕಣ್ಣಿಗೆ ಮಾತ್ರ ಬಿದ್ದಂತಾಗುವುದಿಲ್ಲ. ಕೆಲಸ ಸ್ವಲ್ಪ ಹೆಚ್ಚುತ್ತದೆ, ಹೌದು. ಹದಿನೈದು ಹುಡುಗಿಯರಿಗೆ ಮಿತಿ ಹಾಕಿಕೊಳ್ಳಿ ಎಂದದ್ದು ಇದಕ್ಕೂ ಸೇರಿಯೇ.

ಉಳಿದ ಸೆಟ್ಟಿಂಗ್‌ಗಳನ್ನು ಒಂದೇ ಕೂರಿಕೆಯಲ್ಲಿ ಮುಗಿಸಿಬಿಡಿ. ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೇ ಸೇರಿಸಿ. ಸೇರುವ ಲಿಂಕನ್ನು ಸ್ಟೇಟಸ್ಸಿಗೆ, ಊರಿನ ಗುಂಪಿಗೆ ಹಾಕಬೇಡಿ. ನಿರ್ವಾಹಕಿಯರ ಫೋನಿಗೆ ಎರಡು ಹಂತದ ಪರಿಶೀಲನೆ ಹಾಕಿ. ಮನೆಮನೆಗೆ ಹೋದಾಗ ಅಪ್ಪನ ಫೋನಿನಲ್ಲಿ ‘ನನ್ನನ್ನು ಗುಂಪಿಗೆ ಯಾರು ಸೇರಿಸಬಹುದು’ ಎಂಬಲ್ಲಿ ಪರಿಚಿತರಿಗೆ ಮಾತ್ರ ಎಂದು ಇಡುವುದನ್ನು ತೋರಿಸಿಕೊಡಿ. ಆ ಮನೆಗೆ ಅದು ನೀವು ಮಾಡುವ ಮೊದಲ ಉಪಕಾರ.

ಐದನೇ ಹೆಜ್ಜೆ: ಚಿಕ್ಕ ಪರದೆಗೆ ತಕ್ಕಂತೆ ಕಥೆ ಸಿದ್ಧಮಾಡಿ

ನಮ್ಮಲ್ಲಿ ಬಹಳಷ್ಟು ಲೇಖಕರು ಈಗಲೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಅದನ್ನು ಹಾಗೇ ನಕಲಿಸಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಹುಡುಗಿಗೆ ಕಾಣುವುದು ಅರ್ಥವಿಲ್ಲದ ಗುರುತುಗಳು. ಮೊದಲು ಫೋನಿನಲ್ಲೂ ಸರಿಯಾಗಿ ಮೂಡುವ ಯೂನಿಕೋಡ್ ಅಕ್ಷರಕ್ಕೆ ಪರಿವರ್ತಿಸಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು, ಒಮ್ಮೆ ಪೂರ್ತಿ ಓದಿ ತಿದ್ದಿ. ಪಿಡಿಎಫ್ ಮಾಡುವುದಾದರೆ ಎ4 ಹಾಳೆ ಬೇಡ, ಫೋನಿನಲ್ಲಿ ಸಾಲು ಸಾಲಿಗೂ ಹಿಗ್ಗಿಸಿ ಸರಿಸಿ ಓದಬೇಕಾಗುತ್ತದೆ. ಎ6 ಅಳತೆಯಲ್ಲಿ 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರದ ಪುಟ ಇಟ್ಟು ಅಕ್ಷರ ದಪ್ಪ ಮಾಡಿ. ಬಿರುಕು ಬಿಟ್ಟ ಗಾಜಿನ ಮೇಲೂ ಓದಲು ಬರುತ್ತದೆ.

ಒಂದು ಕಂತು ಆರುನೂರು ಏಳುನೂರು ಪದ ದಾಟದಿರಲಿ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದ ತಲೆಮಾರಿನವರು ನಾವು, ಕಂತು ಎಲ್ಲಿ ಮುರಿಯಬೇಕೆಂಬುದು ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಇಲ್ಲಿ ಮುಂದಿನ ಕಂತಿನ ದಿನ ಅವಳಿಗೆ ಫೋನು ಸಿಗದೇ ಹೋಗಬಹುದು. ಆದ್ದರಿಂದ ಪ್ರತಿ ಕಂತೂ ತನ್ನಷ್ಟಕ್ಕೆ ಒಂದು ತೃಪ್ತಿ ಕೊಡಬೇಕು, ಮೇಲೆ ಎರಡು ಸಾಲಿನಲ್ಲಿ ಹಿಂದಿನದು ನೆನಪಿಸಬೇಕು.

ಪ್ರತಿ ಕಂತಿಗೂ ಓದಿದ ದನಿಯನ್ನು ಜೊತೆಗೆ ಕಳಿಸಿ. ಓದು ಸರಾಗವಿಲ್ಲದ ಹುಡುಗಿಗೆ ಅದು ಆಸರೆ. ರೊಟ್ಟಿ ಬಡಿಯುವ ಅವ್ವನೂ ಅದನ್ನು ಕೇಳುತ್ತಾಳೆ, ಇದೇ ದೊಡ್ಡ ಲಾಭ. ಅವ್ವನಿಗೆ ಕಥೆಯ ರುಚಿ ಹತ್ತಿದರೆ "ಇವತ್ತು ಕಥಿ ಬರಲಿಲ್ಲೇನ?" ಎಂದು ಅಪ್ಪನ ಕೈಯಿಂದ ಫೋನು ಇಸಿದುಕೊಡುವವಳು ಅವಳೇ. ದನಿ ನಾಟಕೀಯವಾಗಿ ಇರಬೇಕಿಲ್ಲ. ಫ್ಯಾನು ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ಮಕ್ಕಳಿಗೆ ಹೇಳುವಂತೆ ಓದಿ. ಏಳೆಂಟು ನಿಮಿಷ ಮೀರುವ ದನಿಯನ್ನು ಎರಡು ತುಂಡು ಮಾಡಿ.

ಬೇರೆಯವರ ಪುಸ್ತಕದ ಸ್ಕ್ಯಾನ್ ಪ್ರತಿಯನ್ನು ಹಂಚಬೇಡಿ. ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಇರುತ್ತದೆ. ಇರುವ ಲೇಖಕರಾದರೆ ಒಂದು ಕಥೆಗೆ ಅನುಮತಿ ಕೇಳಿ. ಇಂಥ ಕೆಲಸಕ್ಕೆ ಕನ್ನಡದ ಲೇಖಕರು ಇಲ್ಲವೆನ್ನುವುದು ಅಪರೂಪ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳಿವೆ. ಹೆಚ್ಚಿನವು ಚಿಕ್ಕ ಮಕ್ಕಳಿಗಾದರೂ ಓದು ಆಗತಾನೆ ಹಿಡಿತಕ್ಕೆ ಬರುತ್ತಿರುವ ಹುಡುಗಿಗೂ, ತಂಗಿಗೆ ಓದಿ ಹೇಳಬೇಕೆನ್ನುವವಳಿಗೂ ಒದಗುತ್ತವೆ. ಕನ್ನಡ ವಿಕಿಸೋರ್ಸ್‌ನಲ್ಲಿ ವಚನಗಳು ಸಿಗುತ್ತವೆ.

ಏನು ಓದಿಸಬೇಕು? ದೆವ್ವದ ಕಥೆ, ಗೆಳತಿಯರ ಜಗಳದ ಕಥೆ, ಊರು ಬಿಟ್ಟು ಹೋದವರ ಕಥೆ, ನಗಿಸುವ ಕಥೆ. ಒಳ್ಳೆಯ ಹುಡುಗಿಯಾಗುವುದು ಹೇಗೆ ಎಂದು ಹೇಳುವ ಕಥೆ ಅವರಿಗೆ ಸಾಕಷ್ಟು ಸಿಕ್ಕಿದೆ. ಪ್ರೀತಿ, ಮುಟ್ಟು, ಮದುವೆ ಇವನ್ನು ಬಿಟ್ಟುಬಿಡಬೇಕೇ? ಬೇಡ. ಆದರೆ ಫೋನು ಅವಳದಲ್ಲ ಎಂಬುದನ್ನು ಇಲ್ಲಿ ಎರಡು ಸಲ ನೆನೆಯಿರಿ. ಅಪ್ಪ ತೆರೆದು ನೋಡಿದರೆ ಹೊಡೆತ ತಿನ್ನುವಂಥದ್ದನ್ನು ಆ ಪರದೆಗೆ ಕಳಿಸುವ ಹಕ್ಕು ಲೇಖಕರಿಗಿಲ್ಲ. ಅಂಥ ಕಥೆಗಳನ್ನು ಅಚ್ಚು ಹಾಕಿಸಿ ಅರಿವು ಕೇಂದ್ರದಲ್ಲಿಡಿ, ತಿಂಗಳ ಭೇಟಿಯಲ್ಲಿ ಎದುರುಬದುರು ಕೂತು ಓದಿ.

ಆರನೇ ಹೆಜ್ಜೆ: ಪ್ರಶ್ನೆ ಕೇಳುವುದನ್ನು ಕಲಿಯಿರಿ

ಬಳಗ ಉಳಿಯುವುದೂ ಅಳಿಯುವುದೂ ಇಲ್ಲಿ. ಕಥೆ ಕಳಿಸುವುದು ಸುಲಭ. ಓದಿದ ಹುಡುಗಿ ಬಾಯಿ ಬಿಡಬೇಕಲ್ಲ!

"ಈ ಕಥೆಯ ನೀತಿ ಏನು?" ಎಂದು ಕೇಳಿದ ಕ್ಷಣ ನೀವು ಶಾಲೆಯಾದಿರಿ. ಹದಿನೈದು ಉತ್ತರ ಬರುತ್ತವೆ, ಎಲ್ಲವೂ ಒಂದೇ. "ಹೇಗಿತ್ತು?" ಎಂದರೆ "ಸೂಪರ್ ಮೇಡಂ" ಬರುತ್ತದೆ, ಜೊತೆಗೆ ಎರಡು ಹೂವಿನ ಚಿತ್ರ. ಇವೆರಡರಾಚೆ ಹೋಗಬೇಕು.

ಒಂದು ಕಥೆಯಲ್ಲಿ ಸಿಂಧನೂರಿನ ಬಸ್ಸು ಹತ್ತಿದ ಹುಡುಗಿಯೊಬ್ಬಳು ತನ್ನೂರು ಬಂದರೂ ಇಳಿಯದೆ ಮುಂದಕ್ಕೆ ಹೋಗುತ್ತಾಳೆ ಎಂದಿಟ್ಟುಕೊಳ್ಳಿ. ಕೇಳಬಹುದಾದ ಪ್ರಶ್ನೆ: ಆ ಬಸ್ಸಿನಲ್ಲಿ ನೀನೂ ಇದ್ದಿದ್ದರೆ ಯಾವ ಸೀಟಿನಲ್ಲಿ ಕೂತಿರುತ್ತಿದ್ದೆ, ಅವಳನ್ನು ಮಾತಾಡಿಸುತ್ತಿದ್ದೆಯಾ? ಇದಕ್ಕೆ ತಪ್ಪು ಉತ್ತರ ಎಂಬುದಿಲ್ಲ. ಕಿಟಕಿಯ ಪಕ್ಕ ಎನ್ನುವವಳು, ಡ್ರೈವರ್ ಹಿಂದೆ ಎನ್ನುವವಳು, ಮಾತಾಡಿಸದೆ ನೋಡುತ್ತಾ ಇರುತ್ತಿದ್ದೆ ಎನ್ನುವವಳು, ಮೂವರೂ ಕಥೆಯ ಒಳಗೆ ಹೋದರು. ಇನ್ನೊಂದು: ಕಂಡಕ್ಟರ್ ಮನೆಗೆ ಹೋಗಿ ತನ್ನ ಹೆಂಡತಿಗೆ ಈ ವಿಷಯ ಹೇಗೆ ಹೇಳಿರುತ್ತಾನೆ? ಇದಕ್ಕೆ ಉತ್ತರಿಸಲು ಹುಡುಗಿ ಬೇರೊಬ್ಬರ ಬಾಯಿಂದ ಕಥೆ ಹೇಳಬೇಕು, ಅಂದರೆ ಅವಳಿಗೆ ತಿಳಿಯದೆಯೇ ಬರೆಯಲು ಶುರುಮಾಡಿರುತ್ತಾಳೆ. ಮತ್ತೊಂದು, ನನಗೆ ತೀರಾ ಇಷ್ಟವಾದದ್ದು: ಎಲ್ಲಿ ನಿನಗೆ ಇದು ಸುಳ್ಳು ಅನಿಸಿತು? ಓದುಗರಿಗೆ ಕಥೆಯನ್ನು ನಂಬದಿರುವ ಹಕ್ಕಿದೆ ಎಂದು ಯಾವ ಪಠ್ಯಪುಸ್ತಕವೂ ಅವಳಿಗೆ ಹೇಳಿರುವುದಿಲ್ಲ. "ಅಷ್ಟೊತ್ತಿಗೆ ಆ ರೂಟಿನಾಗ ಬಸ್ಸೇ ಇಲ್ರಿ" ಎಂಬ ಉತ್ತರ ಬಂದರೆ ಹಿಗ್ಗಿ. ನಿಮಗೊಬ್ಬ ಸಂಪಾದಕಿ ಸಿಕ್ಕಳು.

ಕೇಳಬಾರದ ಪ್ರಶ್ನೆ ಒಂದಿದೆ. "ನಿನಗೂ ಹೀಗೆ ಆಗಿದೆಯಾ?" ನಗರದ ಓದಿನ ಕೂಟಗಳಲ್ಲಿ ಇದು ಮೊದಲ ಪ್ರಶ್ನೆ. ಇಲ್ಲಿ ಆ ಉತ್ತರವನ್ನು ಅಪ್ಪ ಓದುತ್ತಾನೆ, ಅಣ್ಣ ಓದುತ್ತಾನೆ. ಅವಳು ಸುಳ್ಳು ಹೇಳಬೇಕಾಗುತ್ತದೆ, ಇಲ್ಲವೇ ನಿಜ ಹೇಳಿ ಸಿಕ್ಕಿಬೀಳಬೇಕಾಗುತ್ತದೆ. ಪಾತ್ರದ ಬಗ್ಗೆ ಮಾತಾಡಲು ಬಿಡಿ. ತನ್ನದನ್ನು ಹೇಳಬೇಕೆನಿಸಿದವಳು ಪಾತ್ರದ ಮೇಲಿಟ್ಟು ಹೇಳುತ್ತಾಳೆ. ಬೀಸುಕಲ್ಲಿನ ಮುಂದೆ ಕೂತು ನಮ್ಮ ಅಜ್ಜಿಯರು ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಹಾಡಿನಲ್ಲಿಯ ಯಾರೋ ಸೊಸೆಯ ಬಾಯಲ್ಲಿಟ್ಟು ಹಾಡಲಿಲ್ಲವೇ.

ವಾರದ ಲಯ ಸರಳವಾಗಿರಲಿ. ಶುಕ್ರವಾರ ರಾತ್ರಿ ಎಂಟಕ್ಕೆ ಕಂತು, ಜೊತೆಗೆ ದನಿ. ಶನಿವಾರ ಒಂದೇ ಒಂದು ಪ್ರಶ್ನೆ. ಭಾನುವಾರ, ಸೋಮವಾರ ಬಂದ ಉತ್ತರಗಳನ್ನು ಮಂಗಳವಾರ ಒಟ್ಟಿಗೆ ಹಾಕಿ. ರಾತ್ರಿ ಒಂಬತ್ತೂವರೆಯ ಮೇಲೆ ಏನೂ ಕಳಿಸಬೇಡಿ. ಶುಭೋದಯದ ಚಿತ್ರ, ಹಬ್ಬದ ಶುಭಾಶಯ, ಫಾರ್ವರ್ಡ್ ಒಂದೂ ಬೇಡ. ಈ ಗುಂಪಿನಿಂದ ಸಂದೇಶ ಬಂತೆಂದರೆ ಓದಲು ಏನೋ ಬಂದಿದೆ ಎಂದೇ ಮನೆಯವರಿಗೆ ತಿಳಿಯಬೇಕು.

ತಿಂಗಳಿಗೊಮ್ಮೆ ಎಲ್ಲರ ಮಾತುಕತೆ ಇಟ್ಟುಕೊಳ್ಳಿ. ಪ್ರತಿ ಹುಡುಗಿಯೂ ಮನೆಯಿಂದಲೇ ಸೇರಬೇಕೆಂದಿಲ್ಲ. ಆಯಾ ಊರಿನ ಹುಡುಗಿಯರು ತಮ್ಮ ಅರಿವು ಕೇಂದ್ರದಲ್ಲಿ ಒಂದು ಫೋನಿನ ಸುತ್ತ ಕೂಡಲಿ. ಮೂರು ಊರು, ಮೂರು ಫೋನು, ಒಂದು ಕರೆ. ಗೂಗಲ್ ಮೀಟಿನ ಉಚಿತ ಗುಂಪು ಕರೆ 60 ನಿಮಿಷಕ್ಕೆ ಕಡಿತವಾಗುತ್ತದೆ, ಅಷ್ಟು ಹೊತ್ತು ಧಾರಾಳವಾಯಿತು. ಕ್ಯಾಮೆರಾ ಆರಿಸಿರಲಿ. ರೆಕಾರ್ಡ್ ಮಾಡಬೇಡಿ. ಹಗಲಿನ ಹೊತ್ತೇ ಇರಲಿ, ಕತ್ತಲಾಗುವ ಮೊದಲು ಅವರು ಮನೆ ಸೇರಬೇಕು.

ಏಳನೇ ಹೆಜ್ಜೆ: ಭಾಷೆಗೆ ಕೈ ಹಚ್ಚಬೇಡಿ

ಹುಡುಗಿಯರು ‘ಅ’ಕಾರ ‘ಹ’ಕಾರ ಅದಲುಬದಲು ಮಾಡುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತಾರೆ. ‘ಹೋಗ್ಯಾಳ’, ‘ಬರಾಕತ್ತಾಳ’ ಎಂದೇ ಬರೆಯುತ್ತಾರೆ. ಒಂದನ್ನೂ ತಿದ್ದಬೇಡಿ. ಒಮ್ಮೆ ತಿದ್ದಿದರೆ ಆ ಹುಡುಗಿ ಮತ್ತೆ ಬರೆಯುವುದಿಲ್ಲ, ನೋಡುತ್ತಿದ್ದ ಮತ್ತಿಬ್ಬರೂ ಬರೆಯುವುದಿಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ಮಹಾಕೊಪಣ ನಗರವನ್ನು ಹೆಸರಿಸುತ್ತದೆ. ಅದೇ ಇವತ್ತಿನ ಕೊಪ್ಪಳ. ಆ ನೆಲದ ಹುಡುಗಿಗೆ ನಿನ್ನ ಕನ್ನಡ ಶುದ್ಧವಲ್ಲ ಎಂದು ಹೇಳುವವರು ಮೊದಲೇ ಬೇಕಾದಷ್ಟು ಜನ ಇದ್ದಾರೆ.

ಟೈಪ್ ಮಾಡಲು ಬಾರದವರಿಗೆ ಕೀಬೋರ್ಡಿನ ಮೈಕು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮೂಡುವುದನ್ನು ತೋರಿಸಿಕೊಡಿ. ಲಂಬಾಣಿಯಲ್ಲೋ ಉರ್ದುವಿನಲ್ಲೋ ತೆಲುಗಿನಲ್ಲೋ ದನಿ ಕಳಿಸಿದರೆ ಹಾಗೇ ಹಾಕಿ, ಗೆಳತಿಯೊಬ್ಬಳು ಕನ್ನಡದಲ್ಲಿ ಹೇಳಲಿ. ಅದೂ ಓದಿನ ಕೆಲಸವೇ.

ಎಂಟನೇ ಹೆಜ್ಜೆ: ನಿಮ್ಮ ಪುಸ್ತಕವನ್ನು ಹಿಂದಕ್ಕಿಡಿ

ನಾಲ್ಕು ಕಥೆಗಳಲ್ಲಿ ಒಂದು ನಿಮ್ಮದಿದ್ದರೆ ಸಾಕು. ಮಾರಾಟದ ಮಾತು ಬೇಡವೇ ಬೇಡ. ನಿಮ್ಮ ಕಥೆ ಹಿಡಿಸಲಿಲ್ಲ ಎಂದು ಹುಡುಗಿ ಬರೆದರೆ ಅದನ್ನೂ ಉಳಿದವುಗಳಂತೆ ಮಂಗಳವಾರ ಹಾಕಿ, ಕೆಳಗೆ ಸಮರ್ಥನೆ ಬರೆಯಬೇಡಿ. ಬೇಕಾದರೆ ಒಂದು ಪ್ರಶ್ನೆ ಕೇಳಿ: ಎಲ್ಲಿಂದ ಬೇಸರವಾಯಿತು? ನಾವು ಬರೆಯುವವರು ಇಂಥ ಓದುಗಿಯರಿಗಾಗಿಯೇ ಹಂಬಲಿಸುತ್ತೇವೆ, ಸಿಕ್ಕಾಗ ಅವರನ್ನು ಹೊಗಳಿಕೆಗೆ ಪಳಗಿಸುವುದು ದೊಡ್ಡ ಅನ್ಯಾಯ.

ಒಂಬತ್ತನೇ ಹೆಜ್ಜೆ: ಕಷ್ಟದ ಮಾತು ಬಂದಾಗ

ಕಥೆಯ ನೆಪದಲ್ಲಿ ಎಂದೋ ಒಂದು ದಿನ ನಿಜವಾದ ಸಂಕಟ ಬಂದೇ ಬರುತ್ತದೆ. ಏನು ಮಾಡಬೇಕೆಂದು ಬಳಗ ಶುರುವಾಗುವ ಮೊದಲೇ ಬರೆದಿಟ್ಟುಕೊಳ್ಳಿ. ಆ ಸಂದೇಶವನ್ನು ಗುಂಪಿಗೆ ಹಾಕಬೇಡಿ, ಲೇಖಕ ಗೆಳೆಯರಿಗೆ ತೋರಿಸಬೇಡಿ. ಆ ನಂಬರಿಗೆ ಉದ್ದನೆಯ ಸಾಂತ್ವನ ಬರೆದು ಕಳಿಸಬೇಡಿ, ಓದುವವರು ಯಾರೋ ಗೊತ್ತಿಲ್ಲ. ನಿರ್ವಾಹಕಿಯೊಬ್ಬರು ಅವಳ ನಂಬಿಕೆಯ ಟೀಚರ್ ಜೊತೆ ಹೋಗಿ ಎದುರು ಕೂತು ಮಾತಾಡಲಿ.

ಲೈಂಗಿಕ ದೌರ್ಜನ್ಯದ ವಿಷಯವಾದರೆ ಸುಮ್ಮನಿರುವ ಆಯ್ಕೆ ನಿಮಗಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮದುವೆ ಗೊತ್ತುಮಾಡಿದ್ದಾರೆ ಎಂಬ ಸುದ್ದಿ ಬಂದರೆ ನೆನಪಿಡಿ, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಹುಡುಗಿಗೆ 18 ತುಂಬಿರಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ತಿಳಿಸಿ. ನೀವೇ ಮನೆಗೆ ನುಗ್ಗಿ ಜಗಳ ತೆಗೆದರೆ ಮದುವೆ ಬೇರೆ ಊರಿಗೆ ಹೋಗುತ್ತದೆ, ಅಷ್ಟೇ. ಫೋಟೊ ತಿರುಚಿ ಹೆದರಿಸುವಂಥ ಆನ್‌ಲೈನ್ ಕಿರುಕುಳಕ್ಕೆ ಸೈಬರ್ ಸಹಾಯವಾಣಿ 1930 ಇದೆ. ಮನಸ್ಸು ಕುಸಿದವರಿಗೆ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರುಗಳನ್ನು ಯಾರಿಗೂ ಏನೂ ಆಗದ ಹೊತ್ತಿನಲ್ಲೇ, ಕಂತಿನ ಕೊನೆಯ ಸಾಲಾಗಿ ಆಗಾಗ ಹಾಕುತ್ತಿರಿ. ಬೇಕಾದವಳು ನೋಡಿಕೊಳ್ಳುತ್ತಾಳೆ, ಯಾರು ನೋಡಿದರೆಂದು ಯಾರಿಗೂ ತಿಳಿಯುವುದಿಲ್ಲ.

ಹತ್ತನೇ ಹೆಜ್ಜೆ: ಹೊಲದ ಪಂಚಾಂಗ ನೋಡಿ ನಡೆಸಿ

ಬಳಗ ಶುರುಮಾಡಲು ಏಪ್ರಿಲ್ ಒಳ್ಳೆಯದು. ಪರೀಕ್ಷೆ ಮುಗಿದಿರುತ್ತದೆ, ನಮ್ಮ ಬಿಸಿಲಿಗೆ ಮಧ್ಯಾಹ್ನ ಯಾರೂ ಹೊರಗೆ ಕಾಲಿಡುವುದಿಲ್ಲ, ಮನೆಯಲ್ಲಿ ಫೋನು ಬಿಡುವಾಗಿರುತ್ತದೆ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ಗಂಗಾವತಿ, ಸಿರುಗುಪ್ಪ ಕಡೆ ನಾಟಿ ಶುರುವಾದರೆ ಹುಡುಗಿಯರು ಗದ್ದೆಯಲ್ಲಿರುತ್ತಾರೆ. ಹತ್ತಿ ಬಿಡಿಸುವ ಕಾಲ, ಮೆಣಸಿನಕಾಯಿ ಹರಿಯುವ ಕಾಲ ಬಂದಾಗಲೂ ಹಾಗೆಯೇ. ಆಗ ಉತ್ತರ ಬರದಿದ್ದರೆ ಆಸಕ್ತಿ ಕಳೆದುಹೋಯಿತೆಂದು ತಿಳಿಯಬೇಡಿ. ಕಂತು ನಿಲ್ಲಿಸಿ, ವಾರಕ್ಕೊಂದು ವಚನ ಅಥವಾ ನಾಲ್ಕು ಸಾಲಿನ ಪದ್ಯದ ದನಿ ಮಾತ್ರ ಕಳಿಸಿ. ಜನವರಿಯಲ್ಲಿ ಗವಿಮಠದ ಜಾತ್ರೆಯ ವಾರ ಕೊಪ್ಪಳದವರಿಗೆ ರಜೆ ಕೊಡಿ. ಫೆಬ್ರುವರಿ, ಮಾರ್ಚ್ ಪರೀಕ್ಷೆಗೆ ಬಿಡಿ.

ದೇವದುರ್ಗ, ಲಿಂಗಸುಗೂರು ಕಡೆಯ ಕೆಲವರು ಮನೆಯವರ ಜೊತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ಅವರ ನಂಬರನ್ನು ಗುಂಪಿನಿಂದ ತೆಗೆಯಬೇಡಿ. ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಕೂತವಳಿಗೆ ಊರಿನ ಕಡೆಯ ದನಿ ವಾರಕ್ಕೊಮ್ಮೆ ತಲುಪುವುದು ಸಣ್ಣ ಮಾತಲ್ಲ. ಇದೊಂದು ಕೆಲಸಕ್ಕಾದರೂ ಆನ್‌ಲೈನ್ ಬಳಗ ಬೇಕೆಂದು ನಾನು ವಾದಿಸುತ್ತೇನೆ. ಊರಿನ ಗ್ರಂಥಾಲಯ ಅವಳ ಹಿಂದೆ ಹೋಗಲಾರದು.

ಯಾರಾದರೂ ಒಮ್ಮೆಲೇ ಸುದ್ದಿಯಿಲ್ಲದಂತಾದರೆ ತಿಳಿಯಲು ಮೊದಲೇ ಇಬ್ಬಿಬ್ಬರನ್ನು ಜೋಡಿ ಮಾಡಿಡಿ. ಮೂರು ವಾರ ಉತ್ತರವಿಲ್ಲದಿದ್ದರೆ ಜೊತೆಯವಳನ್ನು ವಿಚಾರಿಸಿ. ಮನೆಗೆ ಫೋನು ಮಾಡಿ "ಯಾಕೆ ಓದುತ್ತಿಲ್ಲ?" ಎಂದು ಕೇಳಬೇಡಿ, ಬೈಗುಳ ಅವಳ ಪಾಲಿಗೆ ಬರುತ್ತದೆ.

ಕೊನೆಯ ಹೆಜ್ಜೆ: ವರ್ಷಕ್ಕೊಮ್ಮೆ ಮುಚ್ಚಿ, ಮತ್ತೆ ತೆರೆಯಿರಿ

ಮಾರ್ಚಿ ಕೊನೆಗೆ ಆ ವರ್ಷದ ಗುಂಪನ್ನು ಮುಚ್ಚಿ. ಹುಡುಗಿಯರು ಬರೆದು ಕಳಿಸಿದ್ದರಲ್ಲಿ ಅವರೇ ಆರಿಸಿಕೊಟ್ಟದ್ದನ್ನು ಅಂಕಿತದ ಹೆಸರಿನಲ್ಲಿ ಜೆರಾಕ್ಸ್ ಪುಸ್ತಿಕೆ ಮಾಡಿ ಆಯಾ ಊರಿನ ಅರಿವು ಕೇಂದ್ರಕ್ಕೆ ಎರಡೆರಡು ಪ್ರತಿ ಕೊಡಿ. ಮನೆಗೂ ಒಂದೊಂದು ಕೊಡಿ. ಯಾವ ಬರಹ ಯಾರದೆಂದು ಅಪ್ಪನಿಗೆ ಹೇಳುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು.

18 ತುಂಬಿದವರು ಇಷ್ಟಪಟ್ಟರೆ ಮುಂದಿನ ಬಳಗಕ್ಕೆ ನಿರ್ವಾಹಕಿಯರಾಗಿ ಬರಲಿ. ಮೊದಲ ವರ್ಷ ಅನುಭವವಿದ್ದ ಒಬ್ಬರ ಜೊತೆ, ಎರಡನೇ ವರ್ಷ ಪೂರ್ತಿ ಅವರದೇ ಜವಾಬ್ದಾರಿ. ಯಾವ ಕಥೆ ಆರಿಸಬೇಕೆಂಬುದನ್ನೂ ಅವರಿಗೇ ಬಿಡಿ. ಪುಸ್ತಿಕೆ ಹಂಚಿಯಾದ ಮೇಲೆ ಆ ವರ್ಷದ ಒಪ್ಪಿಗೆ ಪತ್ರಗಳು, ನಂಬರಿನ ಪಟ್ಟಿ, ಅಂಕಿತಕ್ಕೂ ನಿಜ ಹೆಸರಿಗೂ ಹೊಂದಿಸಿ ಬರೆದ ವಹಿ, ಫೋನಿನಲ್ಲಿ ಉಳಿದ ದನಿಗಳು ಎಲ್ಲವನ್ನೂ ಇಬ್ಬರೂ ನಿರ್ವಾಹಕಿಯರು ಎದುರಿಗಿದ್ದು ಅಳಿಸಿಹಾಕಿ, ಕಾಗದವಾದರೆ ಸುಟ್ಟುಬಿಡಿ. ಬ್ಯಾಕಪ್ಪಿನಲ್ಲಿ ಉಳಿದದ್ದನ್ನೂ ಮರೆಯದೆ ತೆಗೆಯಿರಿ. ಏಪ್ರಿಲ್‌ನಲ್ಲಿ ಹೊಸ ಹಾಳೆ ಹಿಡಿದು ಮತ್ತೆ ಮನೆಮನೆಗೆ ಹೋಗಿ, ಹಳೆಯ ಹುಡುಗಿಯರ ಮನೆಗೂ ಹೋಗಿ ಒಪ್ಪಿಗೆಯನ್ನು ಹೊಸದಾಗಿ ಕೇಳಿ.